ಪಕ್ಕದಲ್ಲಿ ಯಾರೂ ನಡೆಯಬಾರದ ಕೋವಿ

ಆ ವರ್ಷ ದೀಪಾವಳಿಗೆ ತವರಿಗೆ ಹೊರಟಾಗ ನನ್ನ ಗಂಟಿನಲ್ಲಿ ಇದ್ದದ್ದು ಹಬ್ಬಕ್ಕೆ ಬೇಕಾದ ಒಂದು ಸೀರೆಯಲ್ಲ, ನನಗಿದ್ದ ಸೀರೆಗಳೆಲ್ಲವೂ. ಹಬ್ಬ ಮುಗಿದ ಮೇಲೆ ಹಳದೀಪುರದ ಗಂಡನ ಮನೆಗೆ ತಿರುಗಿ ಬರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು. ಯಾಕೆ ಎಂದು ಹೇಳಿದರೆ ಈಗಿನ ಹುಡುಗಿಯರು ನಕ್ಕುಬಿಡುತ್ತಾರೆ. ಗಂಡ ಕುಡಿಯುತ್ತಿರಲಿಲ್ಲ. ಒಂದು ದಿನವೂ ಹೊಡೆದವರಲ್ಲ, ಬೈದವರಲ್ಲ. ನನ್ನ ಪಕ್ಕದಲ್ಲಿ ನಡೆಯುತ್ತಿರಲಿಲ್ಲ, ಅಷ್ಟೆ. ನಗಿ ಬೇಕಾದರೆ. ಯುದ್ಧ ಮುಗಿಯುವವರೆಗೆ ವರ್ಷಗಟ್ಟಲೆ ಗಂಡನ ದಾರಿ ಕಾದು ಕೂತವಳಿಗೆ ಅದು ನಗುವ ವಿಷಯವಾಗಿರಲಿಲ್ಲ.

ಈ ದೂರನ್ನು ಹೇಳಿಕೊಳ್ಳುವುದಾದರೂ ಯಾರಲ್ಲಿ? ನಮ್ಮ ಕಡೆ ಆಗ ಗಂಡ ಮುಂದೆ, ಹೆಂಡತಿ ಹಿಂದೆ. ಕುಮಟೆಯ ಪೇಟೆಗೆ ಹೋಗಲಿ, ಹೊನ್ನಾವರದ ಬಂದರಿಗೆ ಹೋಗಲಿ, ಗಂಡಸು ಕೊಡೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡು ಮುಂದೆ ಬೀಸಿ ನಡೆಯುವುದು, ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಹಿಂದೆ ಓಡಿಕೊಂಡು ಬರುವುದು. ಹಾಗಾಗಿ ನಮ್ಮಿಬ್ಬರನ್ನು ನೋಡಿದ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ. ನನ್ನ ಅತ್ತೆಗಂತೂ ಹೆಮ್ಮೆಯೋ ಹೆಮ್ಮೆ. "ಹೆಂಡ್ತಿ ಸೆರಗು ಹಿಡ್ಕಂಡು ತಿರುಗೂ ಗಂಡಸಲ್ಲ ನನ್ನ ಮಗ, ಕಂಡ್ಯಾ?" ಎಂದು ಪಕ್ಕದ ಮನೆಯವಳಿಗೆ ನನ್ನ ಎದುರೇ ಹೇಳುತ್ತಿದ್ದರು.

ನನಗೊಬ್ಬಳಿಗೇ ಗೊತ್ತಿದ್ದದ್ದು ಆ ದೂರ. ಬೇರೆ ಗಂಡಂದಿರು ಮುಂದೆ ನಡೆದರೂ ಹಿಂದಿನವಳ ಗೊಣಗಾಟ ಕಿವಿಗೆ ಬೀಳುವಷ್ಟು ಹತ್ತಿರ ಇರುತ್ತಾರೆ, ನಡುನಡುವೆ ಹಾಂ ಹೂಂ ಅನ್ನುತ್ತಾರೆ. ನಮ್ಮವರು ಒಂದು ಗದ್ದೆಯಷ್ಟು ಮುಂದೆ. ನಾನು ಕಾಲು ಚುರುಕು ಮಾಡಿದರೆ, ತಿರುಗಿ ನೋಡದೆಯೇ ಬಲಗೈಯನ್ನು ಮೇಲೆತ್ತಿ ಅಂಗೈ ಬಿಚ್ಚುತ್ತಿದ್ದರು. ನಿಲ್ಲು ಎಂದು ಅರ್ಥ. ನಾನು ನಿಲ್ಲಬೇಕು. ದೂರ ಮೊದಲಿನಷ್ಟಾದ ಮೇಲೆ ಕೈ ಇಳಿಯುತ್ತಿತ್ತು. ದನ ಹೊಡೆದುಕೊಂಡು ಹೋಗುವವರೂ ದನಕ್ಕೆ ಬಾಯಿಬಿಟ್ಟು ಒಂದು ಮಾತು ಹೇಳುತ್ತಾರೆ, ನನಗೆ ಅಷ್ಟೂ ಇಲ್ಲ. ಆ ಕೈ ಕಂಡಾಗಲೆಲ್ಲ ಮೈ ಉರಿದುಹೋಗುತ್ತಿತ್ತು.

ಮದುವೆಯಾದ ಹೊಸತರಲ್ಲಿ ಇದೇ ಮನುಷ್ಯ ಹೀಗಿರಲಿಲ್ಲವಲ್ಲ, ಅದೇ ನನ್ನ ಸಂಕಟ. ನನ್ನ ತವರು ಸಂತೆಗುಳಿಯ ಆಚೆ. ಅಲ್ಲಿಂದ ಮೊದಲ ಸಲ ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಬಂದಿದ್ದರು. ದಾರಿ ಕಿರಿದಾದಲ್ಲಿ ತಾವು ಮುಳ್ಳಿನೊಳಗೆ ಕಾಲಿಟ್ಟು ನನಗೆ ಹಾದಿ ಬಿಟ್ಟಿದ್ದರು. ನನ್ನ ಗಂಟು ಅವರ ಹೆಗಲ ಮೇಲೆ. ಎದುರಿಗೆ ಯಾರಾದರೂ ಬಂದರೆ ಗಂಟನ್ನು ನನ್ನ ಕೈಗೆ ತುರುಕಿ, ಒಂದೆರಡು ಹೆಜ್ಜೆ ಮುಂದೆ ಹಾರಿ, ದೊಡ್ಡ ಮನುಷ್ಯನ ಮುಖ ಮಾಡಿಕೊಳ್ಳುವುದು. ಜನ ಮರೆಯಾದ ಕೂಡಲೇ ಮತ್ತೆ ಪಕ್ಕಕ್ಕೆ ಬರುವುದು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದೇ ನಕ್ಕಿದ್ದು. ಹಳ್ಳದ ದಡದಲ್ಲಿ ಕೂತು ನಾನು ಕವಳ ಮಡಿಸಿ ಕೊಟ್ಟರೆ ಕೈ ಚಾಚದೆ ಬಾಯಿ ತೆರೆದಿದ್ದರು. ನಮ್ಮ ಕಡೆ ಕವಳ ಎಂದರೆ ಬರೀ ಎಲೆ, ಅಡಿಕೆ, ಸುಣ್ಣ ಅಲ್ಲ. ಇಬ್ಬರು ಇದ್ದಲ್ಲಿ ಒಬ್ಬ ತಾನೊಬ್ಬನೇ ಹಾಕಿಕೊಂಡರೆ ಅವನನ್ನು ಮನುಷ್ಯರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೊದಲು ಪಕ್ಕದವರಿಗೆ, ಆಮೇಲೆ ತನಗೆ.

ಅವರು ಹಳದೀಪುರದ ಒಬ್ಬ ತೋಟದ ಒಡೆಯರ ಮನೆಯಲ್ಲಿ ಕೆಲಸಕ್ಕಿದ್ದರು. ಆ ಮನೆಯಲ್ಲಿ ಒಂದು ಜೋಡುನಳಿಗೆ ಕೋವಿ ಇತ್ತು. ಪರವಾನಗಿ ಒಡೆಯರದ್ದು, ಗುರಿ ಇವರದ್ದು. ಹಂದಿ ಗದ್ದೆಗೆ ಬಿದ್ದರೆ ಒಡೆಯರು ಕೋವಿ ಕೊಟ್ಟು ಕಳಿಸುತ್ತಿದ್ದರು. ತೋಟೆ, ಅಂದರೆ ಕಾಡತೂಸು, ಅದರೊಳಗೆ ತುಂಬುವ ಸೀಸದ ಕಾಳಿಗೆ ಚರೆ ಎನ್ನುತ್ತಾರೆ. ಯಾವ ಪ್ರಾಣಿಗೆ ಯಾವ ಗಾತ್ರದ ಚರೆ, ಎಷ್ಟು ದೂರಕ್ಕೆ ಅದು ಎಷ್ಟು ಅಗಲ ಹರಡುತ್ತದೆ, ಎಲ್ಲ ಅವರಿಗೆ ಗೊತ್ತಿತ್ತು. ಆದರೆ ಹೊಟ್ಟೆಗೆ ಅದು ಸಾಕಾಗಲಿಲ್ಲ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಮುಂಬಯಿಗೆ ಹೋಗಿ ಒಂದು ಖಾನಾವಳಿ ಸೇರಿದರು. ಅಲ್ಲಿ ಭಟ್ಕಳದವನೊಬ್ಬ ಸ್ನೇಹಿತನಾದ. ಇಬ್ಬರೂ ತಾಟು ತೊಳೆದು ಬೇಸತ್ತು, ಒಟ್ಟಿಗೇ ಹೋಗಿ ಮಿಲಿಟರಿಗೆ ಹೆಸರು ಕೊಟ್ಟರು. ರಜೆಗೆ ಬಂದಾಗ ಖಾಕಿ ಹಾಕಿಕೊಂಡು ಬಂದು ನನ್ನನ್ನು ಹೆದರಿಸಿ, ನಗಿಸಿ, ಹೊರಟುಹೋದರು. ಆಮೇಲೆ ಬರ್ಮಾ ಎಂಬ ಹೆಸರು ಮಾತ್ರ ಕೇಳಿಸಿತು.

ಬರ್ಮಾ ನಮಗೆ ಅಕ್ಕಿಯಿಂದ ಗೊತ್ತಿದ್ದ ಊರು. ಯುದ್ಧಕ್ಕೆ ಮೊದಲು ಪೇಟೆಯಲ್ಲಿ ಅಲ್ಲಿಯ ಅಕ್ಕಿ ಸಿಗುತ್ತಿತ್ತು. ಅಕ್ಕಿ ಬರುವುದು ನಿಂತಿತು, ಗಂಡ ಅಲ್ಲಿಗೆ ಹೋದರು. ನಾನು ಅತ್ತೆಯ ಜೊತೆ ಗಂಜಿಗೆ ಗೆಣಸು ಬೆರೆಸಿ ಉಂಡುಕೊಂಡು, ರೇಷನ್ನಿನ ಅಂಗಡಿಯ ಮುಂದೆ ನಿಂತುಕೊಂಡು, ಚಿಮಣಿ ಎಣ್ಣೆ ಉಳಿಸಲು ಕತ್ತಲಾಗುವ ಮೊದಲೇ ಮಲಗಿಕೊಂಡು ದಿನ ಕಳೆದೆ. ಅತ್ತೆ ಕೆಟ್ಟವರಲ್ಲ, ಆದರೆ ಮಾತು ಕಡಿಮೆ. ಮಗನ ವಿಷಯ ನಾನು ಎತ್ತಿದರೆ ಎದ್ದು ಹೋಗಿ ಕೋಳಿಗೆ ಅಕ್ಕಿತೌಡು ಹಾಕುತ್ತಿದ್ದರು. ಇಡೀ ದಿನ ಬಾಯಿಬಿಡದೆ ಕಳೆದು, ಸಂಜೆ ಬಾವಿಕಟ್ಟೆಯಲ್ಲಿ ಯಾರಾದರೂ ಮಾತಾಡಿಸಿದರೆ ನನ್ನ ದನಿ ನನಗೇ ಹೊಸತಾಗಿ ಕೇಳಿಸುತ್ತಿತ್ತು. ಬರಲಿ, ಬಂದವರಿಗೆ ಎಲ್ಲ ಹೇಳಬೇಕು ಎಂದು ಕೂಡಿಸಿಟ್ಟೆ. ಕರು ಸತ್ತದ್ದು, ತೆಂಗಿನಮರಕ್ಕೆ ಸಿಡಿಲು ಬಡಿದದ್ದು, ಅತ್ತೆ ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದದ್ದು, ಎಲ್ಲ.

ಯುದ್ಧ ಮುಗಿದ ಮರುವರ್ಷ ಬಂದರು. ಹುಬ್ಬಳ್ಳಿಯಿಂದ ಘಟ್ಟ ಇಳಿದು, ಕುಮಟೆಯಲ್ಲಿ ಬಸ್ಸು ಬದಲಿಸಿ ಬಂದರು. ಆಗಿನ್ನೂ ಪೆಟ್ರೋಲಿನ ಬರಕ್ಕೆ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುವ ಬಸ್ಸುಗಳು. ನಾನು ರಸ್ತೆಗೇ ಹೋಗಿ ನಿಂತಿದ್ದೆ. ಇಳಿದವರು ನನ್ನನ್ನು ನೋಡಿದರು, ಗುರುತು ಹಿಡಿದರು, ಕಣ್ಣಲ್ಲಿ ನೀರೂ ಬಂತು. ಬಂದದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ತಿರುಗಿ ಮನೆಯ ಕಡೆ ನಡೆದರು. ನಾನು ಓಡಿ ಪಕ್ಕಕ್ಕೆ ಹೋದೆ. ಹಾವು ಕಂಡವರ ಹಾಗೆ ಸರಿದರು. ಒಂದು ಕೈ ಮೇಲೆದ್ದಿತು, ಅಂಗೈ ಬಿಚ್ಚಿತು. ಜನ ನೋಡುತ್ತಾರೆಂಬ ನಾಚಿಕೆ ಇರಬೇಕು ಎಂದುಕೊಂಡೆ.

ನಾಚಿಕೆ ಒಂದು ದಿನ ಇರುತ್ತದೆ, ಎರಡು ದಿನ ಇರುತ್ತದೆ. ಇದು ಮಳೆಗಾಲ ಕಳೆದರೂ ಹೋಗಲಿಲ್ಲ. ಮಲಗುವುದು ಜಗಲಿಯಲ್ಲಿ, ಒಬ್ಬರೇ. ಊಟಕ್ಕೆ ಕೂರುವುದು ಗೋಡೆಗೆ ಬೆನ್ನು ಕೊಟ್ಟು, ಬಾಗಿಲಿಗೆ ಮುಖ ಮಾಡಿ. ಅಡಿಗೆಮನೆಯ ಬಾಗಿಲಿನ ಕಬ್ಬಿಣದ ಚಿಲಕವನ್ನು ಒಂದು ಬೆಳಿಗ್ಗೆ ಕಿತ್ತುಹಾಕಿ ಹಗ್ಗ ಕಟ್ಟಿದರು. ಚಿಲಕವನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಸದ್ದು ಅವರಿಗೆ ಆಗುತ್ತಿರಲಿಲ್ಲ. "ಗಟ್ಟಿ ಇರೂ ಚಿಲಕ ಎಂತಕ್ಕೆ ಕಿತ್ತೆಯಾ?" ಎಂದು ಅತ್ತೆ ಕೂಗಾಡಿದರು. ಕವಳ ಮಡಿಸಿ ಹತ್ತಿರ ಹೋದರೆ, "ಅಲ್ಲಿ ಇಡು" ಎಂದು ಮಣೆ ತೋರಿಸುತ್ತಿದ್ದರು. ಇಟ್ಟು ಬಂದರೆ ಅದು ಅಲ್ಲೇ ಬಾಡುತ್ತಿತ್ತು. ಹೆಂಡತಿ ಮಡಿಸಿದ ಕವಳ ಬೇಡ ಎಂದರೆ ಹೆಂಡತಿಯೇ ಬೇಡ ಎಂದ ಹಾಗೆ. ನಾನು ಬೇರೆ ಯಾವ ಅರ್ಥ ಮಾಡಿಕೊಳ್ಳಲಿ ಹೇಳಿ?

ಒಡೆಯರೂ ಒಂದು ದಿನ ಬಂದು ಅಂಗಳದಲ್ಲಿ ನಿಂತರು. "ಹಂದಿ ಗದ್ದೆ ಪೂರಾ ಹಾಳು ಮಾಡ್ತಾ ಇದ್ದೋ ಮಾರಾಯ. ನೀನು ಬಂದ್ಯಲ, ಇನ್ನು ಚಿಂತೆ ಇಲ್ಲೆ ಅಂದ್ಕಂಡಿದ್ದಿ. ಕೋವಿ ಎಣ್ಣೆ ಹಾಕಿ ಇಟ್ಟಿದ್ದು."

"ನಂಗಾಗೂದಿಲ್ಲ ಒಡೆಯ" ಎಂದರು ಇವರು.

"ಎಂತಕ್ಕೆ ಆಗ್ತಿಲ್ಲೆ? ಮಿಲಿಟರಿಯಲ್ಲಿ ದೊಡ್ಡ ದೊಡ್ಡ ಕೋವಿ ಹೊಡೆದವ, ಈಗ ನಮ್ಮ ಕೋವಿ ಸಣ್ಣ ಆತಾ?"

ಒಡೆಯರು ನಗೆಯಾಡಿದ್ದು, ಅಷ್ಟೆ. ಆದರೆ ಇವರು ಮೊಣಕಾಲಿನ ನಡುವೆ ಎರಡೂ ಕೈ ಇಟ್ಟುಕೊಂಡು ಮುದುರಿ ಕೂತುಬಿಟ್ಟರು. ಒಡೆಯರು ನನ್ನ ಮುಖ ನೋಡಿ ಹೊರಟುಹೋದರು.

ಅವತ್ತೇ ನಾನು ತವರಿಗೆ ಹೇಳಿಕಳಿಸಿದೆ. ಕುಮಟೆಯ ಸಂತೆಗೆ ಬಂದಿದ್ದ ನಮ್ಮೂರಿನ ಹೆಂಗಸಿನ ಹತ್ತಿರ, "ದೀಪಾವಳಿಗೆ ಬತ್ತೆ, ಬಂದವಳು ಅಲ್ಲೇ ಉಳಿತೆ, ಅಬ್ಬೆಗೆ ಹೇಳು" ಎಂದೆ. ಹೇಳುವಾಗ ಅಳು ಬರಲಿಲ್ಲ. ಸಿಟ್ಟು ಮಾತ್ರ ಇತ್ತು. ಇಲ್ಲದ ಗಂಡನಿಗಾಗಿ ಕಾಯುವುದು ಬೇರೆ, ಕಣ್ಣೆದುರು ಇರುವವನಿಗಾಗಿ ಕಾಯುವುದು ಬೇರೆ. ಮೊದಲನೆಯದನ್ನು ಮಾಡಿದ್ದೆ. ಎರಡನೆಯದು ನನ್ನ ಕೈಲಿ ಆಗುತ್ತಿರಲಿಲ್ಲ.

ಹಬ್ಬಕ್ಕೆ ಅಳಿಯನೂ ಬರಬೇಕಲ್ಲ. ಇಬ್ಬರೂ ಹೊರಟೆವು. ಕುಮಟೆಯವರೆಗೆ ಬಸ್ಸು, ಅಲ್ಲಿಂದ ಒಳಗೆ ಕಾಲುನಡಿಗೆ. ಗಂಟು ನನ್ನ ತಲೆಯ ಮೇಲೆ. ಬಸ್ಸಿನಿಂದ ಇಳಿಸಿ ಕೊಡುವಾಗ, "ಇಷ್ಟು ಭಾರ ಎಂತ?" ಎಂದು ಕೇಳಿದರು.

"ಉಪ್ಪಿನಕಾಯಿ ಭರಣಿ" ಎಂದೆ. ಒತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಲಿಲ್ಲ. ಹೊತ್ತುಕೊಳ್ಳುತ್ತೇನೆ ಎಂದೂ ಅನ್ನಲಿಲ್ಲ. ಎರಡೂ ಕೈ ಬೀಸಿಕೊಂಡು ಮುಂದೆ ಹೋದರು. ಗದ್ದೆಬಯಲು ದಾಟಿ ಕಾಡು ಶುರುವಾಯಿತು. ಮಳೆ ನಿಂತು ಹೆಚ್ಚು ದಿನವಾಗಿರಲಿಲ್ಲ, ದಾರಿಯ ಎರಡೂ ಕಡೆ ಹುಲ್ಲು, ಬಿದಿರು ಒತ್ತೊತ್ತಾಗಿ ಬೆಳೆದಿತ್ತು. ಕಾಡಿಗೆ ಕಾಲಿಟ್ಟದ್ದೇ ಅವರ ನಡಿಗೆ ಬದಲಾಯಿತು. ಬೀಸು ಹೋಯಿತು. ಪಾದವನ್ನು ಮೆಲ್ಲಗೆ ಇಟ್ಟು, ಭಾರ ಹಾಕಿ, ಆಮೇಲೆ ಇನ್ನೊಂದು. ದೂರವೂ ಹೆಚ್ಚಾಯಿತು. ಒಮ್ಮೆ ನಾನು ಎಡವಿ 'ಅಯ್ಯೋ' ಎಂದೆ. ಕೈ ಎದ್ದಿತು. ಬಿದ್ದೆಯಾ ಎಂದು ಕೇಳುವ ಬಾಯಿ ಇಲ್ಲ, ನಿಲ್ಲು ಎನ್ನುವ ಕೈ ಇದೆ!

ಹಳ್ಳದ ಹತ್ತಿರ ಬಂದಾಗ ನನ್ನ ತಾಳ್ಮೆ ಹರಿದುಹೋಯಿತು. ಗಂಟನ್ನು ಕಲ್ಲಿನ ಮೇಲೆ ಕುಕ್ಕಿ, ಪಕ್ಕದಲ್ಲಿ ಕೂತೆ. ಹೋಗಲಿ, ಎಷ್ಟು ದೂರ ಹೋಗುತ್ತಾರೋ ಹೋಗಲಿ, ಹಿಂದೆ ಹೆಂಡತಿ ಇಲ್ಲ ಎಂದು ಯಾವಾಗ ಗೊತ್ತಾಗುತ್ತದೋ ನೋಡೋಣ. ಗೊತ್ತಾಗದೆ ನನ್ನ ತವರಿನ ಬಾಗಿಲವರೆಗೂ ಹೋಗಿ ನಿಂತರೆ ಇನ್ನೂ ಒಳ್ಳೆಯದಾಯಿತು, ನನ್ನ ಅಬ್ಬೆಗೆ ನಾನೇನೂ ಬಿಡಿಸಿ ಹೇಳಬೇಕಾಗಿಲ್ಲ. ಅವರ ಬೆನ್ನು ತಿರುವಿನಲ್ಲಿ ಮರೆಯಾಯಿತು. ಆಗ ಅಳು ಬಂತು. ಮುಂಜಾನೆಯಿಂದ ತಡೆದದ್ದಲ್ಲ, ವರ್ಷಗಳಿಂದ ತಡೆದದ್ದು. ಮುಖವನ್ನು ಮಂಡಿಗೆ ಒತ್ತಿಕೊಂಡು ಅತ್ತುಬಿಟ್ಟೆ.

ಯಾರೂ ಬಂದ ಸದ್ದಾಗಲಿಲ್ಲ. ತಲೆ ಎತ್ತಿದರೆ ಅವರು ನನ್ನ ಎಡಗಡೆಯ ಬಿದಿರು ಮೆಳೆಯ ಬುಡದಲ್ಲಿ ನಿಂತಿದ್ದರು. ದಾರಿಯ ಮೇಲೆ ಬಂದವರಲ್ಲ, ಕಾಡೊಳಗೆ ಸುತ್ತಿ ಬಂದಿದ್ದರು. ಮಂಡಿ ಸ್ವಲ್ಪ ಬಗ್ಗಿತ್ತು. ಎರಡು ಕೈ ಎದೆಯ ಮುಂದೆ ಗಟ್ಟಿಯಾಗಿ ಏನನ್ನೋ ಹಿಡಿದಿದ್ದವು, ಆದರೆ ಆ ಕೈಗಳಲ್ಲಿ ಏನೂ ಇರಲಿಲ್ಲ. ಕಣ್ಣು ನನ್ನ ಮೇಲಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನಾನು ಚೀರಿದೆ. ಆ ಚೀರಾಟಕ್ಕೆ ಅವರ ಕೈ ಸಡಿಲಾಯಿತು, ನಿಂತಲ್ಲೇ ಕೂತರು.

"ಹಿಂದೆ ಎಂತಕ್ಕೆ ಇಲ್ಲ ನೀನು?" ಎಂದರು. "ಹಿಂದಿನವ ಕಾಣದೆ ಆದ್ರೆ... ನಿಂಗೆ ಗೊತ್ತಿಲ್ಲ ಅದು."

ಹೆದರಿಕೆ ಇಳಿದದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಏನು ಬಾಯಿಗೆ ಬಂತೋ ಅದೆಲ್ಲ ಅಂದೆ. "ಹಿಂದೆ ಹಿಂದೆ ಬರೂಕೆ ನಾನೆಂತ ನಿಮ್ಮ ಪಲ್ಟಣದವಳಾ? ನಾಯಿ ಬಂದ್ರೂ ಕಾಲ ಹತ್ರ ಬಿಡ್ತ್ರಿ. ನಾನು ಬೇಡ ಅಂದ್ರೆ ಬೇಡ ಅಂತ ಬಾಯಿಬಿಟ್ಟು ಹೇಳಿ, ಆತು, ಮುಗೀತು. ಆ ಗಂಟಲ್ಲಿ ಉಪ್ಪಿನಕಾಯಿ ಇಲ್ಲ, ನನ್ನ ಸೀರೆ ಇಪ್ಪುದು. ನಾನು ತಿರುಗಿ ಬರೂದಿಲ್ಲ." ಅಲ್ಲಿಯವರೆಗೆ ಅವರನ್ನು ಹಾಗೆ ಎದುರು ನಿಂತು ಮಾತಾಡಿಸಿದ್ದೇ ಇಲ್ಲ.

ಅವರು ಗಂಟನ್ನೇ ನೋಡುತ್ತ ಕೂತರು. "ನೀನು ಪಕ್ಕಕ್ಕೆ ಬಂದ್ರೆ ನಂಗೆ ಹೆದರಿಕೆ ಆತದೆ" ಎಂದರು. ಆಮೇಲೆ, ಕೂತಲ್ಲಿಂದ ಏಳದೆ, ನನ್ನ ಮುಖ ನೋಡದೆ, ಹೇಳಿದರು.

ಅಲ್ಲಿಯ ಕಾಡು ಈ ಕಾಡಿಗಿಂತ ದಟ್ಟ. ಬಿದಿರಿನೊಳಗೆ ಕೈ ಚಾಚಿದರೆ ಬೆರಳು ಕಾಣದಂಥ ಜಾಗಗಳು. ದೂರಕ್ಕೆ ಗುರಿ ಹಿಡಿಯುವ ರೈಫಲ್ಲು ಅಂಥಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದರಲ್ಲಿ ಹೋಗುವುದು ಒಂದೇ ಗುಂಡು, ಒಂದೇ ಗೆರೆಯಲ್ಲಿ. ಹಾಗಾಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನ ಕೈಗೆ ಚರೆ ಹೊಡೆಯುವ ಕೋವಿ ಕೊಡುತ್ತಿದ್ದರಂತೆ. ಅಮೆರಿಕದಿಂದ ಬಂದದ್ದು, ಒಂಟಿ ನಳಿಗೆಯದು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಹೊಸ ತೋಟೆ ಬಾರಾಗುತ್ತದೆ; ಒಡೆಯರ ಕೋವಿಯ ಹಾಗೆ ನಡುವೆ ಮುರಿದಂತೆ ಬಗ್ಗಿಸಿ ತುಂಬಬೇಕಾಗಿಲ್ಲ. ಕಾಗದದ ತೋಟೆಗಳು ಆ ಮಳೆಗೆ ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ, ಅಂಗಿಯೊಳಗೆ ಹೊಟ್ಟೆಗೆ ತಾಗಿಸಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಇಂಥ ಕೋವಿ ಹಿಡಿದು ಗೊತ್ತಿರುವವರು ಯಾರು ಎಂದು ಪಲ್ಟಣದ ಸಾಹೇಬ ಕೇಳಿದಾಗ ಇವರು ಕೈ ಎತ್ತಿದ್ದರು. ಹಂದಿ ಹೊಡೆದ ಹೆಮ್ಮೆ. ಅಂದಿನಿಂದ ಇವರು ಮುಂದಿನವರಾದರು.

"ಆ ಕೋವಿಗೆ ಗುರಿ ಹಿಡಿಯೂದು ಅಂತ ಇಲ್ಲ" ಎಂದರು. "ಹೊತ್ತು ಇರೂದಿಲ್ಲ. ಎಲೆ ಅಲ್ಲಾಡಿದ ಬದಿಗೆ ತಿರುಗಿ ಹೊಡೆಯೂದು. ಚರೆ ಅಗಲಕ್ಕೆ ಹೋತದೆ, ಅದು ಅವ ಇವ ಅಂತ ನೋಡೂದಿಲ್ಲ. ಅದಕ್ಕೆ ಕೋವಿಯವನ ಪಕ್ಕ ಯಾರೂ ಬರಬಾರದು. ಹಿಂದೆ ಎಷ್ಟು ದೂರ ಅಂದ್ರೆ ಅಷ್ಟೇ ದೂರ ನಿಲ್ಲಬೇಕು. ಮಾತು ಇಲ್ಲ. ಕೈ ಮಾತ್ರ."

ಇವರ ಹಿಂದಿನ ಸ್ಥಾನ ಆ ಭಟ್ಕಳದವನದ್ದು. ಇಡೀ ಪಲ್ಟಣದಲ್ಲಿ ನಮ್ಮ ಮಾತು ಬರುತ್ತಿದ್ದದ್ದು ಅವನೊಬ್ಬನಿಗೆ. ಠಿಕಾಣಿಯಲ್ಲಿ ಇದ್ದಾಗ ಇಬ್ಬರೂ ಊರಿನ ಮೀನು, ಊರಿನ ಮಳೆ ಎಂದು ಹರಟುತ್ತಿದ್ದರಂತೆ. ಆಮೇಲೆ ವಾರಗಟ್ಟಲೆ ಕಾಡಿನಲ್ಲೇ ಇರಬೇಕಾಗಿ ಬಂತು. ಒಬ್ಬ ಮುಂದೆ, ಒಬ್ಬ ಹಿಂದೆ, ನಡುವೆ ಆ ದೂರ. ಒಂದು ಮಧ್ಯಾಹ್ನ ಜನ ಬಿಟ್ಟುಹೋದ ಒಂದು ಹಳ್ಳಿ ದಾಟಿದರು. ಆ ದೇಶದವರೂ ನಮ್ಮ ಹಾಗೆ ಎಲೆಅಡಿಕೆ ತಿನ್ನುವವರು. ಭಟ್ಕಳದವನಿಗೆ ಒಂದು ಗುಡಿಸಲಲ್ಲಿ ಎಲೆ, ಅಡಿಕೆಹೋಳು, ಸುಣ್ಣದ ಡಬ್ಬಿ ಸಿಕ್ಕಿತು. ತಿಂಗಳುಗಳಿಂದ ಕವಳದ ಮುಖ ಕಾಣದವನು ನಡೆಯುತ್ತಲೇ ಎರಡು ಕವಳ ಮಡಿಸಿದ.

ಮಡಿಸಿದವನು ಒಂದನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಹಿಂದೆ ಬರಬಹುದಿತ್ತು. ನಮ್ಮ ಕಡೆಯವನಾಗಿ ಹುಟ್ಟಿ ಅದು ಹೇಗೆ ಸಾಧ್ಯ? ಮೊದಲು ಪಕ್ಕದವನಿಗೆ. ದೂರ ಬಿಟ್ಟು, ಸಾಲು ಬಿಟ್ಟು, ಕವಳ ಹಿಡಿದುಕೊಂಡು ಇವರ ಪಕ್ಕಕ್ಕೆ ಬಂದ. ಕೂಗುವ ಹಾಗಿಲ್ಲ, ಅದಕ್ಕೆ ಸದ್ದು ಮಾಡದೆ ಬಂದ. ಎಡಗಡೆಯ ಎಲೆ ಅಲ್ಲಾಡಿತು. ಇವರು ತಿರುಗಿ ಹೊಡೆದರು.

"ಕವಳ ಕೈಯಲ್ಲಿ ಹಾಗೇ ಇತ್ತು" ಎಂದರು. "ಸಾಹೇಬ ಬಂದು ನೋಡ್ದ. ನಿನ್ನ ತಪ್ಪು ಅಲ್ಲ, ಅವ ಪಕ್ಕಕ್ಕೆ ಬರೂಕಾಗಿತ್ತಿಲ್ಲ ಅಂದ. ಮರುದಿನ ಅದೇ ಕೋವಿ ಕೊಟ್ಟು ನನ್ನನ್ನೇ ಮುಂದೆ ಬಿಟ್ಟ."

ಅಷ್ಟೇ ಹೇಳಿದ್ದು. ಅದರ ಮೇಲೆ ಆ ವಿಷಯವನ್ನು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಎಷ್ಟೋ ಕಾಲದ ಮೇಲೆ ಒಂದು ದಿನ ಹೊನ್ನಾವರದಲ್ಲಿ ಹೊಳೆ ದಾಟಿ ಭಟ್ಕಳಕ್ಕೆ ಒಬ್ಬರೇ ಹೋಗಿ, ಮರುದಿನ ಬಂದರು. ಅವನ ಮನೆ ಹುಡುಕಿಕೊಂಡು ಹೋಗಿದ್ದರೆಂದು ಗೊತ್ತು. ಅಲ್ಲಿ ಏನು ಹೇಳಿದರು, ಅವನ ತಾಯಿ ಏನು ಕೇಳಿದಳು, ನನಗೆ ಗೊತ್ತಿಲ್ಲ.

ಆ ಹಳ್ಳದ ದಡದಲ್ಲಿ ನನಗೆ ಏನು ಅನ್ನಿಸಿತು ಎಂದು ನಿಜ ಹೇಳಬೇಕು. ಓಡಿಹೋಗಿ ಆ ತಲೆಯನ್ನು ಎದೆಗೆ ಒತ್ತಿಕೊಳ್ಳೋಣ ಅನ್ನಿಸಿತು. ಆದರೆ ಓಡಲಿಲ್ಲ. ಹೆದರಿಕೆ ಇತ್ತು. ಬಿದಿರು ಮೆಳೆಯಿಂದ ಬಂದ ಆ ಕೈಗಳನ್ನು, ಆ ಕಣ್ಣುಗಳನ್ನು ಆಗತಾನೆ ನೋಡಿದ್ದೆ. ಕೋವಿ ಇದ್ದಿದ್ದರೆ? ಈ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಬದುಕುವುದು ಹೇಗೆ? ನಾನು ಗಂಟು ಎತ್ತಿಕೊಂಡೆ. ಅವರು ಎದ್ದು ಮುಂದೆ ನಡೆದರು. ತವರಿನಲ್ಲಿ ಉಳಿಯಬೇಡ, ತಿರುಗಿ ಬಾ ಎಂದು ನನ್ನನ್ನು ಕೇಳಿಕೊಳ್ಳಲಿಲ್ಲ.

ತವರಿನಲ್ಲಿ ಅಬ್ಬೆ ಒಳಕೋಣೆಯ ಒಂದು ಮೂಲೆ ಗುಡಿಸಿ, ಸಾರಿಸಿ, ನನ್ನ ಸೀರೆಗಳಿಗೆಂದು ಒಂದು ಗಳ ಕಟ್ಟಿಸಿಟ್ಟಿದ್ದಳು. ಹಬ್ಬ ಆಯಿತು. ಅಳಿಯನಿಗೆ ಎಣ್ಣೆಸ್ನಾನ, ಕಡುಬು ಎಲ್ಲ ಆಯಿತು. ಅವರು ಅಂಗಳದ ಅಂಚಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದರು. ಮಾತಾಡಿಸಲು ಹೋದವರು ತಿರುಗಿ ಬಂದರು. ಹೊರಡುವ ದಿನ ಬೆಳಿಗ್ಗೆ ಅಬ್ಬೆ ನನ್ನ ಹತ್ತಿರ ಕೂತು, "ಅವನ ಹತ್ರ ನಾನೇ ಹೇಳ್ತೆ. ನೀನು ಒಳಗೇ ಇರು" ಎಂದಳು.

ಹೂಂ ಎನ್ನಬೇಕಿತ್ತು. ಅದಕ್ಕೇ ಬಂದದ್ದು. ಬಾಗಿಲ ಸಂದಿಯಿಂದ ನೋಡಿದರೆ ಅವರು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು. ನನ್ನನ್ನು ಕೇಳುತ್ತಿರಲಿಲ್ಲ, ಬಿಟ್ಟು ಹೋಗಲು ತಯಾರಾಗಿ ನಿಂತಿದ್ದರು. ನನಗೆ ಆ ಭಟ್ಕಳದವನ ನೆನಪು ಬಂತು. ನೋಡಿದವಳಲ್ಲ, ಮುಖ ಗೊತ್ತಿಲ್ಲ. ಆದರೆ ಅವನ ಸಂಕಟ ಗೊತ್ತಿತ್ತು. ಇಡೀ ದಿನ ಬಾಯಿಬಿಡದೆ ಕಳೆಯುವುದು, ತನ್ನವನೊಬ್ಬ ಕಣ್ಣೆದುರೇ ನಡೆಯುತ್ತಿದ್ದರೂ ಮಾತಾಡುವ ಹಾಗಿಲ್ಲದಿರುವುದು, ಅದು ನನಗೆ ಗೊತ್ತಿದ್ದಷ್ಟು ಇನ್ನಾರಿಗೆ ಗೊತ್ತು? ಅವನು ತಡೆಯಲಾರದೆ ಪಕ್ಕಕ್ಕೆ ಬಂದ. ನಾನು ತಡೆಯಲಾರದೆ ದೂರ ಹೊರಟಿದ್ದೆ. ನಡುವೆ ನಿಂತ ಈ ಮನುಷ್ಯನ ಗತಿ ಏನು? ಹಿಂದೆ ಯಾರೂ ಇಲ್ಲದೆ ಆ ಬಿದಿರು ಕಾಡನ್ನು ಒಬ್ಬರೇ ದಾಟಬೇಕು, ಆಮೇಲೆ ಸಾಯುವ ತನಕ ಜಗಲಿಯಲ್ಲಿ ಒಬ್ಬರೇ.

"ಇಲ್ಲ ಅಬ್ಬೆ, ನಾನು ಹೋತೆ" ಎಂದೆ.

"ತಲೆ ಸಮ ಇದ್ಯೇ ನಿಂಗೆ?"

"ಸಮ ಇಲ್ಲ. ಅವರದ್ದೂ ಸಮ ಇಲ್ಲ. ಆತು, ಇಬ್ಬರಿಗೂ ಸರಿ ಹೋತು" ಎಂದು ಗಂಟು ಕಟ್ಟಿದೆ. ಅಬ್ಬೆ ಹಣೆ ಚಚ್ಚಿಕೊಂಡಳು.

ನಾನು ಗಂಟು ಹೊತ್ತು ಅಂಗಳಕ್ಕೆ ಬಂದದ್ದನ್ನು ಅವರು ನೋಡಿದರು. ತಿರುಗಿ ನಡೆದರು. ನಾನು ಎಷ್ಟು ದೂರ ಬೇಕೋ ಅಷ್ಟು ದೂರ ಬಿಟ್ಟು ಹಿಂದೆ ಹೊರಟೆ. ಕಾಡು ಶುರುವಾದಾಗ ಅವರ ಹೆಗಲು ಬಿಗಿಯಾದದ್ದು ಹಿಂದಿನಿಂದಲೇ ಕಂಡಿತು. ಪಾದ ಮೆಲ್ಲಗಾಯಿತು. ಆ ಕಾಡಿನಲ್ಲಿ ನನ್ನ ಕಾಲಿನ ಕೆಳಗೆ ಒಂದು ತರಗೆಲೆ ಮುರಿದರೂ ಅವರಿಗೆ ಅದು ಯಾರು ಎಂದು ಗೊತ್ತಿಲ್ಲ. ನನಗೆ ಥಟ್ಟನೆ ಹೊಳೆದದ್ದು ಅದು. ಹಿಂದಿನಿಂದ ಬರುವುದು ಎಲೆಯ ಸದ್ದಾಗಬಾರದು, ನನ್ನ ದನಿಯಾಗಬೇಕು. ದನಿ ಎಲ್ಲಿದೆಯೋ ಅಲ್ಲಿ ನಾನಿದ್ದೇನೆ, ಬೇರೆ ಯಾರೂ ಅಲ್ಲ.

ಬಾಯಿಬಿಟ್ಟೆ. ಗಟ್ಟಿಯಾಗಿ, ಗದ್ದೆಯಾಚೆಯವರನ್ನು ಕರೆಯುವ ಹಾಗೆ. "ನೀವು ಬರ್ಮಾಕ್ಕೆ ಹೋದ ವರ್ಷ ಕರು ಸತ್ತೋಯ್ತು, ಗೊತ್ತೇನ್ರಾ? ಆ ಕಪ್ಪಿನ ಕರು, ಹಣೆ ಮೇಲೆ ಬೊಟ್ಟು ಇದ್ದದ್ದು..." ಮೊದಲ ಮಾತಿಗೆ ಅವರ ಕೈ ಮೇಲೆದ್ದಿತು. ನಾನು ನಿಂತೆ, ಆದರೆ ಬಾಯಿ ನಿಲ್ಲಿಸಲಿಲ್ಲ. ನಿಂತಲ್ಲಿಂದಲೇ ಹೇಳುತ್ತ ಹೋದೆ. ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು ಮೆಲ್ಲಗೆ ಇಳಿಯಿತು. ಮತ್ತೆ ನಡೆದರು, ನಾನೂ ನಡೆದೆ. ಕರುವಿನದ್ದು ಮುಗಿಯಿತು, ಸಿಡಿಲಿನದ್ದು ಹೇಳಿದೆ. ಗೆಣಸಿನ ಗಂಜಿ ಕುಡಿದು ಹೊಟ್ಟೆ ಗುಡುಗುಡು ಅಂದದ್ದು ಹೇಳಿದೆ. ಗಂಟಲು ಒಣಗಿತು. ಅವರಿಂದ ಹಾಂ ಇಲ್ಲ, ಹೂಂ ಇಲ್ಲ. ಬೆನ್ನಿಗೆ ಹೇಳುತ್ತಿದ್ದೆ. ಕೇಳಿಸುತ್ತಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿಲ್ಲ, ತಲೆಯ ಮೇಲೆ ಗಂಟು.

ಅತ್ತೆಯ ವಿಷಯಕ್ಕೆ ಬಂದೆ. ರೇಷನ್ನಿನಲ್ಲಿ ಬೆಲ್ಲ ಸಿಗದ ದಿನಗಳಲ್ಲಿ ಅವರು ಅಕ್ಕಿಮುಡಿಯ ಹಿಂದೆ ಒಂದು ಬೆಲ್ಲದ ಉಂಡೆ ಅಡಗಿಸಿಟ್ಟು, ನಾನು ಬಾವಿಗೆ ಹೋದಾಗ ಕದ್ದು ತಿನ್ನುತ್ತಿದ್ದದ್ದು. ಒಂದು ದಿನ ಇರುವೆ ಸಾಲು ಹಿಡಿದುಕೊಂಡು ಹೋಗಿ ನಾನು ಅದನ್ನು ಕಂಡುಹಿಡಿದದ್ದು. "ಆ ಹೊತ್ತಿಗೇ ಸರಿಯಾಗಿ ನಿಮ್ಮ ಅಬ್ಬೆ ಒಳಗೆ ಬಂದ್ರು" ಎಂದೆ. ಅಲ್ಲಿಗೆ ಉಸಿರು ಕಟ್ಟಿತು. ದಾರಿ ಏರಾಗಿತ್ತು. ಗಂಟನ್ನು ಸರಿಮಾಡಿಕೊಳ್ಳಲು ನಿಂತೆ. ಕಾಡೆಲ್ಲ ಒಮ್ಮೆಗೇ ಸುಮ್ಮನಾಯಿತು.

ಮುಂದೆ ಅವರ ಹೆಜ್ಜೆಯೂ ನಿಂತಿತು. ತಿರುಗಿ ನೋಡಲಿಲ್ಲ. ಕೈ ಎತ್ತಲೂ ಇಲ್ಲ.

"ಬಂದು ಎಂತ ಅಂದ್ಳು?" ಎಂದು ಕೇಳಿದರು.